ನೀರುನಾಯಿಯ ಹೊಸ ಅಣ್ಣ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮೃಗಾಲಯದ ನಿರ್ದೇಶಕರು ಠಾಣೆಗೆ ಬಂದು, ಗೊತ್ತಾದ ಮದುವೆಯೊಂದನ್ನು ಯಾರೋ ಮುರಿದಿದ್ದಾರೆಂದು ದೂರು ಕೊಟ್ಟರು.

"ಹುಡುಗಿ ಒಪ್ಪಿರಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹುಡುಗಿ ನೀರುನಾಯಿ ಸಾರ್."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ನಿರ್ದೇಶಕರು ವಿವರಿಸಿದರು. ಹಲವು ಮೃಗಾಲಯಗಳು ಸೇರಿ ಕಂಪ್ಯೂಟರಿನಲ್ಲಿ ಒಂದೇ ವಂಶಜಾಲ ಇಟ್ಟುಕೊಂಡಿವೆ. ಪ್ರಾಣಿಯೆಂದರೆ ಒಂದು ಚುಕ್ಕಿ, ಸಂಬಂಧವೆಂದರೆ ಒಂದು ಎಳೆ. ಯಾವ ಮೃಗಾಲಯದವರಾದರೂ ತಿದ್ದಬಹುದು. ಆದರೆ ತಿದ್ದಿದವರ ಹೆಸರಾಗಲಿ, ಮೊದಲು ಇದ್ದದ್ದಾಗಲಿ ಅಳಿಯುವುದಿಲ್ಲ. ಗುರುವಾರ ವಧು ಪರವೂರಿನ ಮೃಗಾಲಯಕ್ಕೆ ಹೊರಡಬೇಕಿತ್ತು. ಶನಿವಾರ ಸಂಜೆ ಯಾರೋ ಒಂದು ಎಳೆ ಜೋಡಿಸಿ, ಅವಳ ತಾಯಿಯನ್ನೇ ವರನಿಗೂ ತಾಯಿ ಮಾಡಿದ್ದರು.

"ಅಂದ್ರೆ ಗಂಡು ಅಣ್ಣನಾದ," ಎಂದ ಕಾನ್‌ಸ್ಟೇಬಲ್. ಕತ್ತು ನೋಡಿ ಇಡೀ ಠಾಣೆ ಅವನನ್ನು ಜಿರಾಫೆ ಎನ್ನುತ್ತಿತ್ತು; ಮೃಗಾಲಯದ ಕೇಸು ತನಗೆ ಬರದಿರಲೆಂದು ಹಾರೈಸುತ್ತಿದ್ದ. ಬಂತು.

ಎಫ್‌ಐಆರ್ ದಾಖಲಾಯಿತು. ತಿದ್ದುಪಡಿ ಇದ್ದದ್ದು ಮೃಗಾಲಯದ ದಾಖಲೆ ಗುಮಾಸ್ತೆಯ ಹೆಸರಿನಲ್ಲಿ.

"ಶನಿವಾರ ಮಧ್ಯಾಹ್ನವೇ ಅಕ್ಕನ ಮನೆಗೆ ಹೋದೆ ಸಾರ್," ಎಂದಳು ಅವಳು. ಅಕ್ಕ, ಭಾವ ಇಬ್ಬರೂ ಹೌದೆಂದರು.

"ಕಂಪ್ಯೂಟರ್ ಮುಚ್ಚಿದ್ರಾ?"

"ಇಲ್ಲಿ ಯಾರೂ ಮುಚ್ಚಲ್ಲ. ಮುಚ್ಚಿದ್ರೆ ಅದು ಮತ್ತೆ ಏಳೋಷ್ಟರಲ್ಲಿ ಊಟದ ಹೊತ್ತಾಗುತ್ತೆ."

ಅವಳನ್ನು ಬಿಟ್ಟರೆ ಕಂಪ್ಯೂಟರ್ ಕೋಣೆಯ ಕೀಲಿ ಇದ್ದದ್ದು ನಿರ್ದೇಶಕರು, ಪ್ರಾಣಿಪಾಲಕ, ವೈದ್ಯೆ ಈ ಮೂವರ ಬಳಿ. ಇನ್‌ಸ್ಪೆಕ್ಟರ್ ವಂಶಜಾಲದ ಹಳೆಯ ದಾಖಲೆಯನ್ನೂ ಹೊಸದನ್ನೂ ಅಕ್ಕಪಕ್ಕ ಇಡಿಸಿ ನೋಡಿದರು. ಸುಳ್ಳು ಎಳೆಯ ಜತೆಗೆ ಇನ್ನೊಂದು ಬದಲಾವಣೆ: ವಧುವಿನ ಗುರುತು 'ಬಲಗಿವಿಯಲ್ಲಿ ಸೀಳು' ಎಂದಿದ್ದದ್ದು 'ಎಡಗಿವಿ' ಆಗಿತ್ತು.

"ಕನ್ನ ಹಾಕೋಕೆ ಬಂದವರು ಓರೆಯಾಗಿದ್ದ ಪಟ ನೆಟ್ಟಗೆ ಮಾಡಿ ಹೋಗಿದ್ದಾರೆ ಕಣಯ್ಯ."

ಕೊಳದ ಬಳಿ ಪಂಚನಾಮೆ ನಡೆಯಿತು. ವಧು ಸಿಳ್ಳೆ ಹಾಕುತ್ತ ಮುಂದೆ ಈಜುತ್ತಿತ್ತು; ಕಣ್ಣು ಬೆಳ್ಳಗಾದ ಮುದಿ ಗಂಡೊಂದು ಬೆನ್ನಿಗೇ ಬರುತ್ತಿತ್ತು. ವಧುವಿನ ಅಪ್ಪ. ಸೀಳು ಇದ್ದದ್ದು ಎಡಗಿವಿಯಲ್ಲೇ.

ಯಾವ ಕಿವಿಯೆಂದು ಮೂವರನ್ನೂ ಬೇರೆಬೇರೆಯಾಗಿ ಕೇಳಲಾಯಿತು.

"ನೀರುನಾಯಿಗೆ ಕಿವಿ ಇರುತ್ತಾ?" ಎಂದರು ನಿರ್ದೇಶಕರು.

"ಬಲಗಿವಿ. ದಿನಾ ಎದುರಿಗೇ ನಿಂತು ನೋಡ್ತೀನಲ್ಲ," ಎಂದ ಪ್ರಾಣಿಪಾಲಕ. ಎದುರಿಗೆ ನಿಂತವನಿಗೆ ಎಡವೇ ಬಲ.

"ಎಡ. ಹೊಲಿಗೆ ಹಾಕಿದ್ದೇ ನಾನು," ಎಂದರು ವೈದ್ಯೆ. "ತಿದ್ದಿ ತಿದ್ದಿ ಅಂತ ಬಡ್ಕೊಂಡೆ, ಯಾರೂ ತಿದ್ದಲಿಲ್ಲ. ಕೊನೆಗೆ ನಾನೇ..."

"ಕೊನೆಗೆ ನೀವೇ?"

ವೈದ್ಯೆ ಕೊಳದ ಕಟ್ಟೆಯ ಮೇಲೆ ಕೂತರು. "ಸುಳ್ಳು ಬರೆಯೋಕೆ ಕೂತಿದ್ದೆ ಸಾರ್. ತಪ್ಪು ಕಣ್ಣಿಗೆ ಬಿತ್ತು. ಕೈ ತಡೀಲಿಲ್ಲ."

"ಸುಳ್ಳು ಯಾಕೆ?"

"ಮುದುಕನಿಗೆ ಕಣ್ಣು ಕಾಣಲ್ಲ. ಮಗಳ ಸಿಳ್ಳೆ ಹಿಡ್ಕೊಂಡೇ ಮೀನಿನ ತನಕ ಬರ್ತಾನೆ. ಅವಳು ಹೋದ್ರೆ ಅವನೂ ಹೋದ ಹಾಗೇ. ಆ ಜಾಲದಲ್ಲಿ ಇರೋದು ತಾಯಿ, ತಂದೆ, ಜೋಡಿ ಅಷ್ಟೇ. ಇದನ್ನ ಎಲ್ಲಿ ಬರೀಲಿ?"

ಇನ್‌ಸ್ಪೆಕ್ಟರ್ ನಿರ್ದೇಶಕರನ್ನು ಕರೆಸಿದರು. "ಇವರಿಗೆ ಹೇಳಬಹುದಿತ್ತಲ್ಲ?"

"ಹೇಳಿದೆ. ಜೋಡಿ ಗೊತ್ತು ಮಾಡಿದ್ದು ಕಂಪ್ಯೂಟರು, ನನ್ನ ಕೈಲೇನಿದೆ ಅಂದ್ರು."

ನಿರ್ದೇಶಕರು ಆಕಾಶದಲ್ಲಿ ಏನನ್ನೋ ಹುಡುಕತೊಡಗಿದರು.

ಜಿರಾಫೆ ಕತ್ತು ಚಾಚಿತು. "ಸಾರ್, ಹುಡುಗನೇ ಇಲ್ಲಿಗೆ ಬರಬಾರದಾ? ಮನೆಅಳಿಯನಾಗಿ?"

ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಸಂಜೆ ನಾಲ್ಕೂವರೆಗೆ ವೈದ್ಯೆಯ ದಸ್ತಗಿರಿಯಾಯಿತು. ಐದೂವರೆಗೆ ಠಾಣೆಯಲ್ಲೇ ಜಾಮೀನು. ಜಾಮೀನು ನಿಂತವಳು ಗುಮಾಸ್ತೆ.

"ನಿನ್ನ ಹೆಸರು ಕೆಡಿಸಿದೆ ಕಣೇ."

"ಕಿವಿ ತಿದ್ದದೆ ಕೂತಿದ್ದು ನಾನೇ ಅಲ್ವಾ ಡಾಕ್ಟರಮ್ಮ? ನಡೀರಿ."

ಮಂಗಳವಾರ ಗುಮಾಸ್ತೆ ಸುಳ್ಳು ಎಳೆಯನ್ನು ಹಿಂತೆಗೆದಳು, ಕಿವಿಯನ್ನು ಮುಟ್ಟಲಿಲ್ಲ. ಉಳಿದ ಮೃಗಾಲಯಗಳ ಒಪ್ಪಿಗೆ ಪಡೆದು, ಮಗಳಿಂದ ಅಪ್ಪನಿಗೆ ಹೊಸ ಬಗೆಯ ಎಳೆಯೊಂದನ್ನು ಜೋಡಿಸಿದಳು: 'ದಾರಿ ತೋರುವವಳು'. ಅದನ್ನು ನೋಡಿದ ಪರವೂರಿನವರು ಮರುಮಾತಿಲ್ಲದೆ ವರನನ್ನು ಕಳಿಸಲು ಒಪ್ಪಿದರು. ಮೂರು ದಿನ ಅಣ್ಣನಾಗಿದ್ದವನು ಗುರುವಾರ ಅಳಿಯನಾಗಿ ಬಂದಿಳಿದ. ಮಾವ ಮೂಸಿ ನೋಡಿ, ಮಗಳ ಸಿಳ್ಳೆಯ ಹಿಂದೆ ಮೀನಿಗೆ ಹೊರಟ.

ಕಡತ ಮುಗಿಸುವಾಗ ಇನ್‌ಸ್ಪೆಕ್ಟರ್ 'ಅಪರಾಧಕ್ಕೆ ಪ್ರೇರಣೆ' ಎಂಬಲ್ಲಿ ಬರೆದರು: 'ಆರೋಪಿಗೆ ನಿಜ ಬರೆಯಲು ಜಾಗವಿರಲಿಲ್ಲ.'