ಹೋಲಿಕೆಗೆ ಬಂದವರು

ಜಲಜಾ ಪರದೇಶದ ಸನ್ನಿವೇಲ್ ಊರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ಅವಳ ಮುಖದ ಎಡಭಾಗ ಜೋತುಬಿದ್ದಿತ್ತು. ಅದು 1987ರ ಮೇ ತಿಂಗಳು.

"ಸತ್ಯಕ್ಕಾ, ಪಿಕ್ನಿಕ್ಕಿಗೆ ಹೋದಾಗ ಬೆಟ್ಟದಲ್ಲಿ ಉಣುಗು ಹುಳ ಕಚ್ಚಿ ಹಿಂಗಾಯ್ತು ಅಂದ್ರೆ ಯಾರೂ ನಂಬ್ತಿಲ್ಲ. ಕಾಯಿಲೆ ಬಿದ್ದ ನಮ್ಮನ್ನೆಲ್ಲ ಡಾಕ್ಟರ್ ಶೇಷಾದ್ರಿ ಸ್ಟಡಿ ಮಾಡಿ, ಬೆಟ್ಟದ್ದೇನೂ ತಪ್ಪಿಲ್ಲ ಅಂದ್ಬಿಟ್ರು. ಶನಿವಾರ ಕನ್ನಡ ಸಂಘದ ವೆಂಕಟಾಚಲ ಅವರು ಮಕ್ಕಳನ್ನ ಅಲ್ಲೇ ಕ್ಯಾಂಪಿಗೆ ಕರ್ಕೊಂಡು ಹೋಗ್ತಿದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ವಾರಗಿತ್ತಿ ಸತ್ಯವತಿ ಮಾತ್ರ ತಣ್ಣಗಿದ್ದಳು. ರೋಗ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದೇ ಅವಳ ಡಾಕ್ಟರಿಕೆ.

"ನಿಮ್ಮ ಜೊತೆ ಹೋಲಿಸೋಕೆ ಆರೋಗ್ಯವಾಗಿರೋರನ್ನೂ ತಗೊಂಡಿರಬೇಕಲ್ಲ, ಯಾರು ಅವರು?"

"ಗುರುತಿಲ್ಲದವರ ಬಾಗಿಲು ತಟ್ಟೋಕೆ ಡಾಕ್ಟರಿಗೆ ಸಂಕೋಚ. ವೆಂಕಟಾಚಲ ಅವರೇ ನಮ್ಮ ಕನ್ನಡದೋರನ್ನ ಒಪ್ಪಿಸಿ ಕರ್ಕೊಂಡು ಬಂದ್ರು. ಪಕ್ಕದ್ಮನೆ ಭದ್ರಮ್ಮ ತಾನೂ ಬರ್ತೀನಿ ಅಂದ್ರೆ ಬೇಡ ಅಂದ್ರಂತೆ."

ಸತ್ಯವತಿ ತಕ್ಷಣ ಭದ್ರಮ್ಮನಿಗೆ ಫೋನು ಮಾಡಿದಳು. "ಮಂಡಿನೋವಮ್ಮ, ನಾನು ಆ ಬೆಟ್ಟದ ತಂಟೆಗೇ ಹೋದೋಳಲ್ಲ" ಎಂದರು ಭದ್ರಮ್ಮ.

ಶುಕ್ರವಾರ ಸಂಜೆ ಎಲ್ಲರನ್ನೂ ಕಾಫಿಗೆ ಕರೆದೆವು. ಡಾಕ್ಟರು, ವೆಂಕಟಾಚಲ, ಅವರ ಹೆಂಡತಿ ರಮಾ, ಹೋಲಿಕೆಗೆ ಹೋಗಿದ್ದವರು, ಜಲಜಾ.

"ಬೆಟ್ಟದ ಪಿಕ್ನಿಕ್ಕಿಗೆ ಪುಳಿಯೋಗರೆ ಮಾಡಿದ್ದು ಯಾರು?" ಸತ್ಯವತಿ ಕೇಳಿದಳು.

"ರಮಾ" ಎಂದರು ಹೋಲಿಕೆಯವರು, ಒಬ್ಬರೂ ಬಿಡದೆ.

"ನೋಡಿ ಡಾಕ್ಟ್ರೇ, ಕಾಯಿಲೆಯವರೂ ಬೆಟ್ಟಕ್ಕೆ ಹೋಗಿದ್ರು, ಇವರೂ ಹೋಗಿದ್ರು. ಒಂದೇ ಪಂಕ್ತೀಲಿ ಉಂಡವರನ್ನೇ ಹೋಲಿಸಿದ್ರೆ ಊಟದ ದೋಷ ಗೊತ್ತಾಗಲ್ಲ, ಬೆಟ್ಟದ ದೋಷಾನೂ ಹಾಗೇ. ಬೆಟ್ಟಕ್ಕೆ ಹೋಗಿರಲಿ, ಬಿಟ್ಟಿರಲಿ, ಕಾಯಿಲೆಯವರ ಬೀದೀಲಿರೋರು ಯಾರಾದರೂ ಬೇಕಿತ್ತು. ಭದ್ರಮ್ಮನ್ನ ಯಾಕೆ ಬಿಟ್ರಿ?"

"ಭದ್ರಮ್ಮ ಯಾರು? ನನ್ನ ಹತ್ರ ಬಂದೇ ಇಲ್ವಲ್ಲ" ಎಂದರು ಶೇಷಾದ್ರಿ.

"ನಿಮ್ಮ ತನಕ ಬರೋಕೆ ಬಿಡಲಿಲ್ಲ. ಬೆಟ್ಟ ಹತ್ತದವರನ್ನೆಲ್ಲ ವೆಂಕಟಾಚಲ ಬೇಕಂತಲೇ ದೂರ ಇಟ್ರು."

ವೆಂಕಟಾಚಲ ಕೆಂಪಾದರು. "ವರ್ಷದಿಂದ ಒದ್ದಾಡಿ ಕ್ಯಾಂಪು ಏರ್ಪಾಡು ಮಾಡಿದೀನಿ. ಒಬ್ಬರ ಮುಖ ಸೊಟ್ಟಗಾಯ್ತು ಅಂತ ನಿಲ್ಲಿಸ್ಬೇಕಾ?"

"ನಾಚಿಕೆ ಆಗಲ್ವೇನ್ರೀ ನಿಮಗೆ?" ಎಂದೆ.

ಜಲಜಾ ನೆಟ್ಟಗಿದ್ದ ಅರ್ಧ ಬಾಯಲ್ಲೇ ಕೇಳಿದಳು. "ನಾಳೆ ನಿಮ್ಮ ಮಗಳೂ ಬರ್ತಾಳಾ?"

ರಮಾ ಗಂಡನ ಕಡೆ ನೋಡದೆ ಕಾಫಿ ಲೋಟ ಕೆಳಗಿಟ್ಟರು.

"ಇಲ್ಲ. ಜ್ವರ ಅಂತ ಹೇಳು ಅಂದಿದಾರೆ. ಮಗು ಚೆನ್ನಾಗೇ ಇದೆ."