ಇಳಿಸಿಕೊಂಡ ಕೈ

ಶಿಡ್ಲಘಟ್ಟದ ಒಂದು ರೇಷ್ಮೆ ಕಂಪನಿ ತನ್ನಲ್ಲಿ ದುಡಿಯುವ ಹೆಂಗಸರ ಕೈಗೆ ಗವಸು ತೊಡಿಸಿ, ಅವರ ಬೆರಳು ಕಲಿತದ್ದನ್ನೆಲ್ಲ ದಾಖಲಿಸಿಕೊಂಡಿತು. ಅದನ್ನು ಯಂತ್ರಗಳಿಗೆ ಕಲಿಸಿತು. ಆಮೇಲೆ ಹೆಂಗಸರನ್ನು ಕೆಲಸದಿಂದ ತೆಗೆಯಿತು.

ಗವಸಿನ ಹೆಸರು ‘ಚಲನಗ್ರಾಹಿ’. ಕುದಿನೀರಿನಲ್ಲಿ ತೇಲುವ ಗೂಡಿನಿಂದ ರೇಷ್ಮೆಯ ಎಳೆ ಹುಡುಕುವಾಗ ಬೆರಳು ಎಷ್ಟು ಬಾಗುತ್ತದೆ, ಎಲ್ಲಿ ತಡೆಯುತ್ತದೆ, ಬಿಸಿಗೆ ಯಾವಾಗ ಹಿಂಜರಿಯುತ್ತದೆ ಎಂಬುದನ್ನೆಲ್ಲ ಅದು ನರಗಳಿಂದಲೇ ಓದಿ, ‘ಕೈನೆನಪು’ ಎಂಬ ಕಡತವಾಗಿ ಕಂಪನಿಯ ಮೇಘಭಂಡಾರಕ್ಕೆ ಏರಿಸುತ್ತಿತ್ತು. ಹೆಸರಿನಲ್ಲಷ್ಟೇ ಮೇಘ. ಇರುವುದು ನೆಲದ ಮೇಲೆಯೇ. ಬೇರೆಯವರ ಕಟ್ಟಡದಲ್ಲಿ, ಬೇರೆಯವರ ಬೀಗದ ಹಿಂದೆ.

ಗವಸನ್ನು ಕಂಡುಹಿಡಿದ ಡಾ. ಜಯಸಿಂಹ ಈಗ ಸರ್ಕಾರಿ ಆಸ್ಪತ್ರೆಯಲ್ಲಿ, ಹಾಗೆ ಕೆಲಸ ಕಳೆದುಕೊಂಡಿದ್ದ ಅಶ್ವತ್ಥಮ್ಮನವರ ಎದುರು ಕುಳಿತಿದ್ದರು. ಲಕ್ವ ಹೊಡೆದ ಕೈಗೆ ಅದೇ ಗವಸು ತೊಡಿಸಿ, ಹಳೆಯ ಕೈನೆನಪನ್ನು ಮರಳಿ ನರಗಳಿಗೆ ಹರಿಸಿದರೆ ಕೈ ಮತ್ತೆ ಆಡುತ್ತದೆ ಎಂದು ಅವರು ಸಾಧಿಸಿದ್ದರು. ಅಶ್ವತ್ಥಮ್ಮನವರ ಬಲಗೈ ಮಡಿಲಲ್ಲಿ ಯಾರೋ ಇಟ್ಟುಹೋದ ಚೀಲದಂತೆ ಬಿದ್ದಿತ್ತು.

“ನನ್ ತಲೆ ನಾನೇ ಬಾಚ್ಕಂಡ್ರೆ ಸಾಕು ಸಾರ್. ಮಗಳು ಬಾಚಿದ್ರೆ ಜಗಳಕ್ಕೆ ಬಂದೋಳ್ ಥರ ಜುಟ್ಟು ಹಿಡಿದು ಎಳೀತಾಳೆ.”

ತನ್ನ ಕೈನೆನಪನ್ನು ಹಿಂದಕ್ಕೆ ಪಡೆಯುವ ಹಕ್ಕು ಕೆಲಸಗಾರ್ತಿಗೆ ಇದೆಯೆಂದು ದೊಡ್ಡ ಹೋರಾಟದ ಮೇಲೆ ಕಾನೂನಾಗಿತ್ತು. ಕಂಪನಿ ಕಾನೂನನ್ನು ಮೀರಲಿಲ್ಲ. ತನ್ನ ಬಣ್ಣಬಣ್ಣದ ಜಾಲಪುಟದಲ್ಲಿ ‘ನೋಡಿ’ ಎಂಬ ಗುಂಡಿ ಇಟ್ಟಿತು. ‘ಇಳಿಸಿಕೊಳ್ಳಿ’ ಎಂಬುದನ್ನು ಇಡಲಿಲ್ಲ. ಇಳಿಸಿಕೊಳ್ಳಬೇಕಾದವರು ‘ಆಜ್ಞಾಸಾಲು’ ಬಳಸಬೇಕು ಎಂದಿತು. ಓದಲು ಬಿಡದೆ ಬೆಳೆಸಿದವರ ಮುಂದೆ ಅಕ್ಷರದ ಬಾಗಿಲು ನಿಲ್ಲಿಸಿ, ಬಾಗಿಲು ತೆರೆದೇ ಇದೆ ಎನ್ನುವ ಜಾಣತನ ಈ ನಾಡಿಗೆ ಹೊಸದಲ್ಲ.

“ಇದೇನ್ ಸಾರ್, ಟೀವಿ ಕೆಟ್ಟೋದಂಗೈತೆ?” ಕಪ್ಪು ಪರದೆ ನೋಡಿ ಅಶ್ವತ್ಥಮ್ಮ ಕೇಳಿದರು.

“ಇದೇ ಆಜ್ಞಾಸಾಲು. ಇಲ್ಲಿ ಚಿತ್ರ ಇಲ್ಲ, ಗುಂಡಿ ಇಲ್ಲ. ಏನು ಬೇಕು, ಎಲ್ಲಿಂದ ಬೇಕು, ಎಲ್ಲಿಗೆ ತರಬೇಕು, ಎಲ್ಲಾ ಬರೆದು ಹೇಳಬೇಕು. ಒಂದು ಚುಕ್ಕಿ ತಪ್ಪಿದರೂ ಕೇಳೋದಿಲ್ಲ.”

“ನಮ್ ಸೂಪರ್‌ವೈಸರ್ ಹಂಗೇ.”

ಡಾಕ್ಟರು ನಕ್ಕು ಬರೆದರು. ಕಡತ ಇಳಿಯತೊಡಗಿತು. ನಡುವೆ ಸಂಪರ್ಕ ಕಡಿಯಿತು. ನಿಂತಲ್ಲಿಂದಲೇ ಮುಂದುವರಿಸು ಎಂದು ಮತ್ತೆ ಆಜ್ಞೆ ಕೊಟ್ಟರು. ಕೊನೆಗೂ ಪೂರ್ತಿ ಬಂತು. ಗವಸು ತೊಡಿಸಿದರು.

ಮೊದಲು ಹೆಬ್ಬೆರಳು ಅಲುಗಿತು. ಬೆರಳುಗಳು ಗಾಳಿಯಲ್ಲಿ ಇಲ್ಲದ ಎಳೆಯನ್ನು ಹುಡುಕಿದವು, ಹಿಡಿದವು, ಎತ್ತಿದವು. ಆಮೇಲೆ ಕೈ ಇದ್ದಕ್ಕಿದ್ದಂತೆ ಮೇಲೆದ್ದು, ಮಣಿಕಟ್ಟಿನ ಹಿಂಬದಿಯಿಂದ ತಲೆಯ ಮೇಲೆ ಇಲ್ಲದ ದುಪಟ್ಟಾವನ್ನು ಮುಂದಕ್ಕೆ ಎಳೆದುಕೊಂಡಿತು.

“ಅಯ್ಯೋ! ಇದು ನನ್ ಪಕ್ಕ ಕೂರ್ತಿದ್ದ ಶಮೀಮಂದು! ಬೆರಳು ಒದ್ದೆ ಇರ್ತಿದ್ವಲ್ಲ, ಅವ್ಳು ಹಿಂಗೇ ಎಳ್ಕಳೋಳು.”

ಡಾಕ್ಟರು ಅರ್ಥವಾಗದೆ ಬಗ್ಗಿ ನೋಡಿದರು. ಕೈ ಅವರ ಮುಂಗೈಗೆ ಬೆರಳಿನಿಂದ ಫಟ್ಟನೆ ಒಂದು ಏಟು ಕೊಟ್ಟಿತು. ಅಶ್ವತ್ಥಮ್ಮ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

“ಗಂಗುಲಮ್ಮ ಸಾರ್, ಗಂಗುಲಮ್ಮ! ಎಳೆ ತುಂಡಾದ್ರೆ ಗೂಡಿಗೆ ಹಂಗೇ ಹೊಡೆಯೋಳು, ‘ಹೋಗ್ ಮುಂಡೇದೆ’ ಅಂತ.”

“ನಿಮ್ಮ ಗವಸಿನಲ್ಲಿ ಅವರ ಕೈ ಹೇಗೆ ಬಂತು?”

“ಗವಸು ಸುಮ್ಕಿದ್ರೆ ಕೂಲಿ ಮುರೀತಿದ್ರಲ್ಲ. ನಮ್ಮತ್ತೆ ಕೂಸು ಎತ್ಕಂಡು ಗೇಟತ್ರ ಬರೋಳು. ನಾನು ಹಾಲು ಕೊಡಕ್ಕೋದ್ರೆ ಗಂಗುಲಮ್ಮ ನನ್ ಗವಸು ಹಾಕ್ಕಳೋಳು. ಶಮೀಮು ನಮಾಜಿಗೋದ್ರೆ ಅವಳ್ದು ನಾನು. ನನಗೆ ಜ್ವರ ಬಂದಾಗ ನಂದು ಅವಳು. ಎಲ್ಲಾರೂ ಹಂಗೇ ಮಾಡ್ತಿದ್ವಿ.”

ಒಂದು ಗವಸಿಗೆ ಒಂದು ಕೈ ಎಂದು ನಂಬಿ ಡಾಕ್ಟರು ಇಡೀ ವಿಜ್ಞಾನವನ್ನು ಕಟ್ಟಿದ್ದರು. ಮೂವರು ಹೆಂಗಸರು ಒಬ್ಬರ ಹೊಟ್ಟೆಪಾಡನ್ನು ಇನ್ನೊಬ್ಬರು ಕಾಯುತ್ತಾರೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಆಗ ಕಪ್ಪು ಪರದೆಯಲ್ಲಿ ಸಾಲೊಂದು ಮೂಡಿತು: ‘ಅನ್ಯರ ಚಲನೆ ಪತ್ತೆಯಾಗಿದೆ. ಗುರುತಿಸಿ, ಅಳಿಸಿ. ಇಲ್ಲವಾದರೆ ಕಡತಕ್ಕೆ ಬೀಗ.’

“ಕಾನೂನಿನ ಪ್ರಕಾರ ನಿಮ್ಮ ಕೈ ಮಾತ್ರ ನಿಮ್ಮದು,” ಡಾಕ್ಟರು ವಿವರಿಸಿದರು. “ಇದರಲ್ಲಿ ಯಾವುದು ನಿಮ್ಮದಲ್ಲ ಅಂತ ನೀವು ಹೇಳಿ. ನಾನು ಅಳಿಸ್ತೀನಿ. ಉಳಿದದ್ದು ಸಾಕು, ಕೈ ನಿಧಾನವಾಗಿ ಸರಿಹೋಗುತ್ತೆ.”

“ಗಂಗುಲಮ್ಮಂದು ಬೇರೆ ಕಡೆ ಐತಲ್ಲ, ಅವಳ ಹೆಸರಲ್ಲಿ?”

ಡಾಕ್ಟರು ಭಂಡಾರದ ಪಟ್ಟಿಯನ್ನು ಕೇಳಿ ಬರೆದರು. ಹೆಸರು ಬರಲಿಲ್ಲ. ಇನ್ನೊಮ್ಮೆ ಬರೆದರು. ಸತ್ತವರ ಕಡತಗಳನ್ನು ಜಾಗ ಉಳಿಸಲು ಕಂಪನಿ ತೆಗೆದುಹಾಕಿತ್ತು. ಗಂಗುಲಮ್ಮ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದರು.

ಅಶ್ವತ್ಥಮ್ಮ ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡರು.

“ಬೇಗ ಹೇಳಿ ಅಶ್ವತ್ಥಮ್ಮ. ಗವಸು ಆಗಾಗ ಭಂಡಾರದ ಅನುಮತಿ ಕೇಳುತ್ತೆ. ಬೀಗ ಬಿದ್ದರೆ ಕೈ ಮೊದಲಿನ ಹಾಗೇ ಆಗುತ್ತೆ. ಮತ್ತೆ ಇಳಿಸಿಕೊಳ್ಳೋಕೆ ಬಿಡಲ್ಲ.”

“ಅಳ್ಸಬ್ಯಾಡ ಅಂತ ಬರೀರಿ ಸಾರ್.”

“ಆ ಆಜ್ಞೆ ಇದರಲ್ಲಿ ಇಲ್ಲಮ್ಮ.”

“ಹಂಗಾದ್ರೆ ಏನೂ ಬರೀಬ್ಯಾಡಿ.”

“ನೋಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಯಾವುದು ನಿಮ್ಮ ಕೈಯಲ್ಲ?”

“ನನ್ ಕೂಸು ಹಾಲು ಕುಡಿಯೋವಾಗ ನನ್ ಕೆಲ್ಸ ಮಾಡಿದ ಕೈ ನಂದಲ್ಲ ಅಂತ ನಾನು ಹೆಂಗ್ ಹೇಳ್ಲಿ?” ಅಶ್ವತ್ಥಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಬೀಗ ಹಾಕ್ಕಳ್ಳಿ. ನಾನು ಹೇಳಲ್ಲ.”