ಲಾಂಡ್ರಿಯಲ್ಲಿದ್ದ ಮೂರನೆಯವನು

"ಮುಟ್ಬೇಡಿ!"

ಹಿಂದಿನಿಂದ ಬಂದ ಆ ಕೂಗಿಗೆ ಚೂಟಿಯ ಕೈ ಕೀಬೋರ್ಡಿನ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತು.

ತಿರುಗಿ ನೋಡಿದಳು. ಆಸ್ಪತ್ರೆಯ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಮೊಣಕೈ ಸವೆದ ಸ್ವೆಟರ್. ಕೈಯಲ್ಲಿ ಕಾಫಿ ಲೋಟ. ಆ ಲೋಟದ ಮೇಲೂ ಕೆಂಪು ಅಕ್ಷರದ ಚೀಟಿ... 'ಮುಟ್ಟಬೇಡಿ'.

ಆಗಲೇ ಅವಳು ಗಮನಿಸಿದ್ದು. ಬೀರುವಿನಷ್ಟು ಎತ್ತರದ ಮಿಷನ್ ಮೇಲೆ ಅದೇ ಚೀಟಿ. ಸ್ವಿಚ್ಚಿನ ಮೇಲೆ, ತಂತಿಗಳ ಮೇಲೆ, ಗೋಡೆ ಗಡಿಯಾರದ ಮೇಲೆ ಕೂಡ!

"ನಾನು ಮುಟ್ಟೋಕೇ ಬಂದಿರೋದು ಸಾರ್. ಸಾಫ್ಟ್‌ವೇರ್ ಹಾಕೋಕೆ ಕಂಪನಿಯವರು ಕಳಿಸಿದಾರೆ. ದೂರದಿಂದ ಕೈ ಮುಗಿದ್ರೆ ಅದು ಒಳಗೆ ಹೋಗಲ್ಲ."

"ಮೊದಲು ಕೇಳ್ಬೇಕಿತ್ತು."

"ಯಾರನ್ನ? ಗಡಿಯಾರನಾ?"

ಅವನ ತುಟಿಯ ಒಂದು ತುದಿ ಅಲುಗಿತು. ನಗು ಮಾತ್ರ ಹೊರಗೆ ಬರಲಿಲ್ಲ.

'ಅಬ್ಬಾ, ಎಂಥ ಸಿಡುಕ ಸಿಕ್ಕಿದಪ್ಪಾ!' ಎಂದುಕೊಂಡಳು ಚೂಟಿ. ಒಂದು ಕಡೆ ಕೂರದ ಮಗಳಿಗೆ ಅಮ್ಮ ಇಟ್ಟ ಹೆಸರು ಅದು. ಕೆಲಸಕ್ಕೆ ಸೇರಿದ ಮೇಲೂ ಅಂಟಿಕೊಂಡಿತ್ತು. ಕಂಪ್ಯೂಟರ್‌ಗಳ ಉಸ್ತುವಾರಿ ನೋಡುತ್ತಿದ್ದ ಅವನಿಗಂತೂ ಇಡೀ ಆಸ್ಪತ್ರೆಯೇ ಬೆನ್ನ ಹಿಂದೆ 'ಮುಟ್ಬೇಡಿ' ಎಂದು ಹೆಸರಿಟ್ಟಿತ್ತು.

ಅವಳ ಕೆಲಸ ಹೇಳಲು ಸುಲಭ, ಮಾಡಲು ತಲೆನೋವು. ರೋಗಿಗಳ ವಿವರವೆಲ್ಲ ಎರಡು ಮಿಷನ್‌ಗಳಲ್ಲಿ ಇರುತ್ತಿತ್ತು. ಒಂದು ಈ ದೊಡ್ಡ ಕಟ್ಟಡದಲ್ಲಿ, ಇನ್ನೊಂದು ರಸ್ತೆಯಾಚೆ ಲ್ಯಾಬಿನ ಕಟ್ಟಡದಲ್ಲಿ. ಒಂದು ಬರೆದದ್ದನ್ನು ಇನ್ನೊಂದು ಹಾಗೇ ಬರೆದುಕೊಳ್ಳುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ.

ಆದರೆ ಎರಡರ ನಡುವಿನ ತಂತಿಯೇ ಕಡಿದರೆ? 'ಆ ಕಡೆಯವನು ಸತ್ತ, ಇನ್ನು ನಾನೇ ಯಜಮಾನ' ಎಂದು ಎರಡೂ ಅಂದುಕೊಳ್ಳುತ್ತವೆ. ಇದು ಒಂದು ಬರೆದರೆ ಅದು ಇನ್ನೊಂದು ಬರೆಯುತ್ತದೆ. ಯಾರ ರಕ್ತದ ಗುಂಪು ಯಾವುದು ಎನ್ನುವುದೇ ಕಲಸುಮೇಲೋಗರ! ಅದಕ್ಕೇ ಬೇರೆಲ್ಲೋ ಕೂತ ಪುಟ್ಟ ಕಂಪ್ಯೂಟರೊಂದು ಬೇಕು. ಜಗಳ ಬಂದಾಗ 'ನೀನು ನಡೆಸು, ನೀನು ಸುಮ್ಮನಿರು' ಎಂದು ತೀರ್ಪು ಹೇಳುವ ಮೂರನೆಯವನು.

"ಅದನ್ನ ಈ ಮೂಲೇಲೇ ಇಡಿ," ಎಂದ ಮುಟ್ಬೇಡಿ.

"ಇಲ್ಲಿಟ್ರೆ ಇಲ್ಲಿನ ಕರೆಂಟ್ ಹೋದಾಗ ಅದೂ ಇದ್ರ ಜೊತೇಲೇ ಸಾಯುತ್ತೆ. ಆಮೇಲೆ ಲ್ಯಾಬಿನ ಮಿಷನ್ ಯಾರನ್ನ ಕೇಳ್ಬೇಕು? ಬೇರೆ ಕಟ್ಟಡ, ಬೇರೆ ಕರೆಂಟು, ಬೇರೆ ಲೈನು ಇರೋ ಜಾಗ ಹೇಳಿ."

ಅವನು ಹಿತ್ತಿಲ ಕಡೆ ಬೆರಳು ತೋರಿಸಿದ.

"ಹಾಗಿರೋದು ಒಂದೇ... ಲಾಂಡ್ರಿ."

ಆಸ್ಪತ್ರೆಯ ಹಿತ್ತಿಲ ಗೋಡೆಯಾಚೆ ಲಾಂಡ್ರಿ. ಹಬೆ, ಸೋಪಿನ ವಾಸನೆ, ಗುಡ್ಡದಂತೆ ಬಿದ್ದ ಬೆಡ್‌ಶೀಟುಗಳು. ಅಲ್ಲಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಮುಟ್ಬೇಡಿ ಆ ಪುಟ್ಟ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದದ್ದು ನೋಡಿ ಆಕೆ ಕೇಳಿದಳು, "ಗಂಡೋ, ಹೆಣ್ಣೋ?"

ಚೂಟಿ ಪಕ್ಕನೆ ನಕ್ಕಳು. ಅವನ ಕಿವಿ ಕೆಂಪಾಯಿತು.

ಆ ದಿನ ಪಟ್ಟ ಪಾಡು ಯಾರಿಗೂ ಬೇಡ. ಸಾಫ್ಟ್‌ವೇರ್ ಹಾಕಿದರೆ 'ಇನ್ನೊಂದು ಸಾಫ್ಟ್‌ವೇರ್ ಬೇಕು' ಎಂದಿತು. ಅದನ್ನು ಹಾಕಿದರೆ 'ಇದು ಹಳೆಯದು' ಎಂದಿತು. ಎಲ್ಲ ಸರಿಹೋಯಿತು ಎನ್ನುವಾಗ ಮಿಷನ್‌ಗಳಿಗೂ ಮೂರನೆಯವನಿಗೂ ಮಾತೇ ಇಲ್ಲ!

"ನೆಟ್‌ವರ್ಕಲ್ಲಿ ಈ ದಾರಿ ಮುಚ್ಚಿದ್ದು ಯಾರು?" ಚೂಟಿ ತಲೆ ಹಿಡಿದುಕೊಂಡಳು.

"ನಾನೇ. ತೆರೆದ ಬಾಗಿಲು ಕಂಡ್ರೆ ನಂಗೆ ಆಗಲ್ಲ."

"ಅಯ್ಯೋ ದೇವರೇ! ಬೆಳಗ್ಗೆಯಿಂದ ಪಕ್ಕದಲ್ಲೇ ಕೂತಿದೀರಿ, ಬಾಯಿ ಬಿಟ್ಟು ಹೇಳೋಕಾಗ್ಲಿಲ್ವಾ?"

"ನೀವು ಕೇಳ್ಲಿಲ್ಲ."

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಸುಮ್ನೆ ಕಿತ್ತಾಡೋ ಬದಲು ಇದನ್ನ ಮಡಿಚಿ," ಎಂದು ದೊಡ್ಡಮ್ಮ ಇಬ್ಬರ ಕೈಗೂ ಬೆಡ್‌ಶೀಟಿನ ಒಂದೊಂದು ತುದಿ ಕೊಟ್ಟಳು. ಅವನು ಎಡಕ್ಕೆ ಮಡಿಚಿದರೆ ಇವಳು ಬಲಕ್ಕೆ ಮಡಿಚಿದಳು. ಶೀಟು ಹಗ್ಗವಾಯಿತು. ದೊಡ್ಡಮ್ಮ ಹಣೆ ಚಚ್ಚಿಕೊಂಡಳು.

ಸಂಜೆ ಹೊರಡುವಾಗ ಅವನು ಚೂಟಿಯ ಮುಂದೆ ಕಾಫಿ ಲೋಟ ಇಟ್ಟ. ಅದರ ಮೇಲಿನ ಚೀಟಿ ಕಿತ್ತು ಹಾಕಿದ್ದ. ಅಂಟಿನ ಗುರುತು ಮಾತ್ರ ಉಳಿದಿತ್ತು.

ಅವಳ ಎದೆಯೊಳಗೆ ಏನೋ ಮೆಲ್ಲಗೆ ಜಾರಿತು...

ಆಮೇಲೆ ವಾರಕ್ಕೊಮ್ಮೆ ಮಿಷನ್‌ಗಳ ಪರೀಕ್ಷೆಗೆಂದು ಅವಳು ಬಂದಾಗಲೆಲ್ಲ ಕಾಫಿ ಇರುತ್ತಿತ್ತು. ಮಾತು ಕಡಿಮೆ. ಆದರೆ ಚಳಿಯ ಆ ಕೋಣೆಯಲ್ಲಿ ಅವಳಿಗೆಂದು ಕುರ್ಚಿಯ ಬೆನ್ನಿಗೆ ಒಂದು ಸ್ವೆಟರ್ ತೂಗುತ್ತಿತ್ತು. ಒಂದು ಸಲ ಮೆಟ್ಟಿಲ ಮೇಲೆ ನಿಂತು, "ನಿಮ್ಗೊಂದು ವಿಷಯ..." ಎಂದು ಶುರು ಮಾಡಿದ. ಅವಳು ಉಸಿರು ಬಿಗಿಹಿಡಿದು ಕಾದಳು. "...ಆ ಫ್ಯಾನ್ ಸದ್ದು ಮಾಡ್ತಿದೆ," ಎಂದು ಇಳಿದುಹೋದ.

ಫ್ಯಾನಂತೆ ಫ್ಯಾನು!

ಅಷ್ಟರಲ್ಲಿ ಆ ಸಾಫ್ಟ್‌ವೇರಿನ ಹೊಸ ಅಪ್‌ಡೇಟ್ ಬಂತು. ಹಳೆಯದರಲ್ಲಿ ಒಂದು ದೋಷವಿತ್ತು, ಬದಲಿಸಲೇಬೇಕಿತ್ತು.

"ಬೇಡ," ಎಂದ ಮುಟ್ಬೇಡಿ.

"ಯಾಕೆ?"

"ಚೆನ್ನಾಗಿ ಓಡ್ತಿದೆ. ಮುಟ್ಬೇಡಿ."

"ದೋಷ ಇದೆ ಅಂತಿದೀನಿ! ಒಂದು ಕಾರಣ ಹೇಳಿ."

ಅವನು ಗಡಿಯಾರ ನೋಡಿದ, ನೆಲ ನೋಡಿದ.

"ನಿಮಗೆ ಏನನ್ನೂ ಬದಲಾಯಿಸೋ ಧೈರ್ಯ ಇಲ್ಲ. ಯಾವುದನ್ನೂ! ಅಂಟಿಸ್ಕೊಂಡು ಕೂತಿರಿ ನಿಮ್ಮ ಚೀಟಿಗಳನ್ನ!" ಚೂಟಿ ಬ್ಯಾಗ್ ಎತ್ತಿಕೊಂಡು ಹೊರಟೇಬಿಟ್ಟಳು. ಬಾಗಿಲವರೆಗೂ 'ಕರೀತಾನೆ' ಅಂದುಕೊಂಡಳು. ಅವನು ಕರೆಯಲಿಲ್ಲ.

ಆಮೇಲೆ ಫೋನಿಲ್ಲ, ಮೆಸೇಜಿಲ್ಲ. ಅವನೇ ಮೊದಲು ಮಾಡಲಿ ಎಂದು ಇವಳು. ಇವಳೇ ಮಾಡಲಿ ಎಂದು ಅವನು.

ಮನೆಯಲ್ಲಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ಚೂಟಿ ಗೊಣಗಿದಳು, "ಅಮ್ಮಾ, ಆ ಮನುಷ್ಯನ ಮಾತು ಮಾತ್ರ ಎತ್ಬೇಡ."

"ನಾನೆಲ್ಲೇ ಎತ್ತಿದೆ? ಬೆಳಗ್ಗೆಯಿಂದ ಎತ್ತುತ್ತಿರೋಳು ನೀನು," ಎಂದಳು ಅಮ್ಮ, ಸಾರು ಬಡಿಸುತ್ತಾ.

ಅದೇ ಹೊತ್ತಿಗೆ ದೊಡ್ಡಮ್ಮನ ಫೋನು ಬಂತು. ಕಂಪ್ಯೂಟರಿನ ವಿಷಯ ಎಂದ ಕೂಡಲೇ ಚೂಟಿಗೆ ರೇಗಿತು. "ಅವರನ್ನೇ ಕೇಳಿ ದೊಡ್ಡಮ್ಮ," ಎಂದು ಮಾತು ಮುಗಿಯುವ ಮೊದಲೇ ಫೋನಿಟ್ಟುಬಿಟ್ಟಳು.

ಕೆಲವೇ ದಿನಗಳಲ್ಲಿ, ಹೊರರೋಗಿಗಳು ಕಿಕ್ಕಿರಿದು ತುಂಬಿದ್ದ ಒಂದು ಬೆಳಗ್ಗೆ, ದೊಡ್ಡ ಕಟ್ಟಡದ ಕರೆಂಟ್ ಹೋಯಿತು. ಬ್ಯಾಟರಿಯೂ ಕೈಕೊಟ್ಟಿತು. ಇಲ್ಲಿನ ಮಿಷನ್ ನಿಂತಿತು. ಇರಲಿ, ಲ್ಯಾಬಿನದು ನಡೆಸುತ್ತದೆ ಎಂದುಕೊಂಡರೆ ಅದೂ ನಿಂತುಹೋಯಿತು! ನರ್ಸುಗಳು ಕೈಬರಹಕ್ಕೆ ಇಳಿದರು. ಚೀಟಿ ಹಿಡಿದ ಜನ ವರಾಂಡದಲ್ಲಿ ರೇಗಾಡಿದರು.

ಚೂಟಿ ಓಡೋಡಿ ಬರುವಷ್ಟರಲ್ಲಿ ಕರೆಂಟ್ ಬಂದು ಎಲ್ಲ ಸರಿಹೋಗಿತ್ತು. ಹಿರಿಯ ಡಾಕ್ಟರರ ಕೋಪ ಮಾತ್ರ ಇಳಿದಿರಲಿಲ್ಲ.

"ಒಂದು ಬಿದ್ರೆ ಇನ್ನೊಂದು ನಿಲ್ಲುತ್ತೆ ಅಂತ ಹೇಳಿ ತಾನೇ ಹಾಕಿದ್ದು? ಯಾರ ತಪ್ಪಮ್ಮ ಇದು? ಸಂಜೆಯೊಳಗೆ ಗೊತ್ತಾಗ್ಬೇಕು. ಇಲ್ದಿದ್ರೆ ನಿಮ್ಮ ಕಂಪನಿಯವರು ಬೇರೆಯವರನ್ನ ಕಳಿಸ್ಲಿ."

ಬೇರೆಯವರು... ಅಂದರೆ ಅವಳು ಇನ್ನು ಇಲ್ಲಿಗೆ ಕಾಲಿಡುವಂತಿಲ್ಲ.

ಕಂಪ್ಯೂಟರ್ ಕೋಣೆಯಲ್ಲಿ ಚೂಟಿ ವರದಿ ತೆರೆದಳು. ಕರೆಂಟ್ ಹೋದ ಕ್ಷಣದಲ್ಲೇ ಮೂರನೆಯವನೂ ಮಾಯ! ಲ್ಯಾಬಿನ ಮಿಷನ್ ಪಾಪ ಏನು ಮಾಡೀತು? ಆ ಕಡೆಯವನು ಸತ್ತನೋ, ತಂತಿ ಮಾತ್ರ ಕಡಿಯಿತೋ? ಕೇಳಲು ಯಾರೂ ಇಲ್ಲದೆ, ತಪ್ಪು ಬರೆಯುವುದಕ್ಕಿಂತ ಸುಮ್ಮನಿರುವುದೇ ಮೇಲೆಂದು ನಿಂತುಬಿಟ್ಟಿತ್ತು.

"ಅದನ್ನ ಈ ಕಟ್ಟಡಕ್ಕೆ ತಂದಿಟ್ರಿ, ಅಲ್ವಾ?" ಅವಳು ಪಕ್ಕದಲ್ಲಿದ್ದ ಮುಟ್ಬೇಡಿಯತ್ತ ತಿರುಗಿದಳು. "ಈ ಮೂಲೇಲಿಡಿ ಅಂತ ಮೊದಲ ದಿನವೇ ಹೇಳಿದ್ರಿ. ನಾನು ಕಷ್ಟಪಟ್ಟು ಕಟ್ಟಿದ್ದನ್ನ..."

"ನಾನಾ?" ಅವನು ದಂಗಾದ. "ನಾನು ಅಂದ್ಕೊಂಡೆ, ನನಗೆ ಹೇಳದೆ ಅಪ್‌ಡೇಟ್ ಮಾಡೋಕೆ ನೀವೇ..."

"ನಾನು ಅಂಥೋಳಾ?"

"ನಾನು ಅಂಥೋನಾ?"

ಮರುಕ್ಷಣ ಇಬ್ಬರೂ ಲಾಂಡ್ರಿಯತ್ತ ಓಡಿದರು.

ಲಾಂಡ್ರಿಯ ಮೇಜು ಖಾಲಿ. ಗೋಡೆಗೆ ಹೊಸ ಬಣ್ಣ ಫಳಫಳ ಹೊಳೆಯುತ್ತಿತ್ತು.

"ಓ ಅದಾ?" ದೊಡ್ಡಮ್ಮ ಇಸ್ತ್ರಿ ಮಿಷನ್ ಬಳಿಯಿಂದಲೇ ಹೇಳಿದಳು. "ಬಣ್ಣ ಹೊಡೆಯೋರು ಬಂದ್ರು. ಅದರ ಮೇಲೆ ಬಣ್ಣ ಬಿದ್ದೀತು ಅಂತ ಶೀಟಿನ ಗಾಡಿಯಲ್ಲಿಟ್ಟು ದೊಡ್ಡ ಕಟ್ಟಡದ ಬಟ್ಟೆ ಉಗ್ರಾಣಕ್ಕೆ ತಳ್ಕೊಂಡು ಹೋದೆ. ಎಲೆಕ್ಟ್ರಿಷಿಯನ್ ತಂತಿ ಚುಚ್ಚಿಕೊಟ್ಟ. ಹಸಿರು ದೀಪ ಹತ್ತಿತು. ನೆಮ್ಮದಿಯಾಗಿ ಬಂದೆ."

"ದೊಡ್ಡಮ್ಮಾ! ಒಂದು ಮಾತು ಕೇಳ್ಬಾರದಾ?" ಇಬ್ಬರೂ ಒಟ್ಟಿಗೆ ಕೂಗಿದರು.

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಕೇಳ್ಲಿಲ್ವಾ? ಇವನನ್ನ ಕೇಳ್ದೆ. 'ಅವರ ಸಾಫ್ಟ್‌ವೇರು, ಅವರನ್ನೇ ಕೇಳಿ' ಅಂದ. ನಿನ್ನ ಕೇಳ್ದೆ. 'ಅವರನ್ನೇ ಕೇಳಿ' ಅಂತ ಫೋನ್ ಕುಕ್ಕಿದೆ. ನಿಮ್ಮಿಬ್ಬರ ಠೂ ಬಿಡೋ ಆಟಕ್ಕೆ ನಾನೇನು ಚೆಂಡಾ? ನನ್ನ ಮೊಮ್ಮಕ್ಕಳೇ ವಾಸಿ, ಊಟದ ಹೊತ್ತಿಗಾದ್ರೂ ರಾಜಿ ಆಗ್ತವೆ!"

ಇಬ್ಬರ ತಲೆಯೂ ತಗ್ಗಿತು.

'ಛೆ... ಎರಡು ಮಿಷನ್‌ಗಳಿಗೆ ಬುದ್ಧಿ ಹೇಳೋಕೆ ಬಂದೋಳು ನಾನು!' ಚೂಟಿಗೆ ನಾಚಿಕೆಯಾಯಿತು.

ಡಾಕ್ಟರರ ಕೋಣೆಯಲ್ಲಿ ಅವಳು "ತಪ್ಪು ನಂದು ಸಾರ್" ಎನ್ನುವ ಮೊದಲೇ ಅವನು "ನಂದು" ಎಂದಿದ್ದ.

ಡಾಕ್ಟರರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಬೆಳಗ್ಗೆ ಯಾರ ತಪ್ಪು ಅಂದ್ರೆ ಯಾರದ್ದೂ ಅಲ್ಲ, ಈಗ ಇಬ್ಬರದ್ದೂನಾ? ಹೋಗಿ... ಅದನ್ನ ಎಲ್ಲಿರ್ಬೇಕೋ ಅಲ್ಲಿಡಿ. ಆ ಅಪ್‌ಡೇಟ್ ಏನಿದೆಯೋ ಅದನ್ನೂ ಇವತ್ತೇ ಮುಗಿಸಿ. ಇನ್ನೊಂದು ಸಲ ಹೀಗಾದ್ರೆ ಇಬ್ಬರೂ ಮನೆಗೆ!"

ಪುಟ್ಟ ಕಂಪ್ಯೂಟರ್ ಅದೇ ಗಾಡಿಯಲ್ಲಿ ಲಾಂಡ್ರಿಗೆ ಮರಳಿತು. ಅಪ್‌ಡೇಟ್ ಮುಗಿಯುವ ತನಕ ಮೂರನೆಯವನು ಇರುವುದಿಲ್ಲ. ಅಷ್ಟು ಹೊತ್ತು ನಡುವಿನ ತಂತಿ ಕಡಿದರೆ ತೀರ್ಪು ಹೇಳುವವರಿಲ್ಲ. ಅದಕ್ಕೇ ಅವನು ಮಿಷನ್ ಬಳಿ ಕಾವಲು, ಇವಳು ಲಾಂಡ್ರಿಯಲ್ಲಿ. ಕಿವಿಗೆ ಫೋನು.

"ಎರಡಕ್ಕೂ ಹೇಳಿದ್ರಾ, ಸದ್ಯಕ್ಕೆ ಇವನನ್ನ ಕೇಳ್ಬೇಡಿ ಅಂತ?"

"ಹೇಳ್ದೆ."

"ಹಾಗಾದ್ರೆ ನಿಲ್ಲಿಸ್ತಿದೀನಿ..."

ಪರದೆಯ ಮೇಲೆ ನೀಲಿ ಪಟ್ಟಿ ಆಮೆಯಂತೆ ತೆವಳತೊಡಗಿತು. ಫೋನಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು.

"ಇದೀರಾ?" ಕೇಳಿದಳು.

"ಇದೀನಿ."

ಮತ್ತೆ ಮೌನ. ಅವಳಿಗೆ ರೇಗಿಹೋಯಿತು. "ಏನಾದ್ರೂ ಮಾತಾಡಿ ಮಾರಾಯ್ರೇ! ಲೈನ್ ಇದೆಯೋ ಸತ್ತಿದೆಯೋ ಗೊತ್ತಾಗ್ತಿಲ್ಲ! ಆವತ್ತು ಅಪ್‌ಡೇಟ್ ಯಾಕೆ ಬೇಡ ಅಂದ್ರಿ, ಅದನ್ನಾದ್ರೂ ಹೇಳಿ!"

"...ಅಪ್‌ಡೇಟ್ ಮಾಡೋಕೆ ಬಂದೋರು ಮಾಡಿ ಹೋಗ್ತಾರೆ. ಆಮೇಲೆ ಕೆಟ್ಟರೆ ಇಲ್ಲಿರೋನು ನಾನೊಬ್ಬನೇ. ಅದು ಅರ್ಧ ಕಾರಣ."

"ಉಳಿದರ್ಧ?"

ದೀರ್ಘ ಉಸಿರು ಕೇಳಿಸಿತು.

"ಅದಾದ್ರೆ ಇಲ್ಲಿ ನಿಮ್ಮ ಕೆಲಸ ಮುಗೀತು. ವಾರಕ್ಕೊಮ್ಮೆ ಬರೋದೂ ನಿಲ್ಲುತ್ತೆ. ನೀವು ಹೊರಟುಹೋಗ್ತೀರಿ ಅಂತ..."

ಚೂಟಿಯ ಕಣ್ಣು ತುಂಬಿತು. ಜೊತೆಗೇ ಕೋಪವೂ ಉಕ್ಕಿತು!

"ಅದಕ್ಕೋಸ್ಕರ ಇಡೀ ಆಸ್ಪತ್ರೆನ ಹಳೇ ದೋಷದ ಮೇಲೆ ಓಡಿಸಿದ್ರಾ? ಬುದ್ಧಿ ಇದೆಯಾ ನಿಮಗೆ? 'ಹೋಗ್ಬೇಡ' ಅಂತ ನನಗೇ ಹೇಳಿದ್ರೆ ಬಾಯಿ ಸವೀತಿತ್ತಾ?"

"ತಪ್ಪಾಯ್ತು. ಮೆಟ್ಟಿಲ ಹತ್ರ ಹೇಳೋಕೆ ಬಂದೆ. ಆಗ್ಲಿಲ್ಲ."

"ಫ್ಯಾನ್ ಅಂದ್ರಿ!"

"ಫ್ಯಾನ್ ಸದ್ದೂ ಮಾಡ್ತಿತ್ತು..."

ಅಳುವಿನ ನಡುವೆಯೇ ಅವಳಿಗೆ ನಗು ಒತ್ತರಿಸಿ ಬಂತು. ನೀಲಿ ಪಟ್ಟಿ ತುದಿ ಮುಟ್ಟಿತು. ಹಸಿರು ದೀಪ ಹತ್ತಿತು.

"ಎದ್ದ," ಎಂದಳು ಮೂಗೊರೆಸುತ್ತಾ. "ನೋಡಿ, ಎರಡಕ್ಕೂ ಕಾಣ್ತಿದಾನಾ?"

"ಕಾಣ್ತಿದಾನೆ. ಎರಡಕ್ಕೂ." ಕೀಲಿಗಳ ಸದ್ದು ಕೇಳಿಸಿತು, ಆಮೇಲೆ ಬಾಗಿಲ ಸದ್ದು, ಆಮೇಲೆ ಓಡುವ ಹೆಜ್ಜೆ.

ಅವನು ಏದುಸಿರು ಬಿಡುತ್ತಾ ಲಾಂಡ್ರಿಯ ಬಾಗಿಲಲ್ಲಿ ನಿಂತ. ಚೂಟಿ ಮುಖ ತಿರುಗಿಸಿ ನಿಂತಳು.

"ದೊಡ್ಡಮ್ಮ, ನೀವಾದ್ರೂ ಇವರಿಗೆ..." ಅವನು ಶುರು ಮಾಡಿದ.

"ನಾನಿಲ್ಲಪ್ಪ ಈ ಪಂಚಾಯ್ತಿಗೆ! ನಿಮ್ಮ ಬಾಯಿ ಇದೆ, ನೀವೇ ಮಾತಾಡ್ಕೊಳ್ಳಿ," ಎಂದು ದೊಡ್ಡಮ್ಮ ಬಿಸಿ ಬೆಡ್‌ಶೀಟೊಂದನ್ನು ಇಬ್ಬರ ನಡುವೆ ಎಸೆದು, ಬಕೆಟ್ ಎತ್ತಿಕೊಂಡು ಹೊರಗೆ ಹೋದಳು.

ಅವನು ಒಂದು ತುದಿ ಹಿಡಿದ. ಸ್ವಲ್ಪ ತಡೆದು ಅವಳು ಇನ್ನೊಂದು ಹಿಡಿದಳು.

"ಯಾವ ಕಡೆಗೆ ಮಡಿಚೋದು?" ಕೇಳಿದ.

"ನಿಮ್ಮ ಬಲಕ್ಕೆ."

ಈ ಸಲ ಹಗ್ಗವಾಗಲಿಲ್ಲ. ಒಂದು ಮಡಿಕೆ, ಒಂದು ಹೆಜ್ಜೆ ಹತ್ತಿರ. ಇನ್ನೊಂದು ಮಡಿಕೆ... ಬಟ್ಟೆಯ ತುದಿಗಳು ಕೂಡಿದಾಗ ಇಬ್ಬರ ಬೆರಳುಗಳ ನಡುವೆ ಕೂದಲೆಳೆಯಷ್ಟೇ ಜಾಗವಿತ್ತು. ಅವನು ಅಲ್ಲೇ ನಿಂತ.

"ಮುಟ್ಲಾ?" ಮೆಲ್ಲಗೆ ಕೇಳಿದ.

ಚೂಟಿ ತಲೆಯೆತ್ತಿದಳು. ಕಣ್ಣಂಚು ಇನ್ನೂ ಒದ್ದೆಯಿತ್ತು.

"ಯಾರನ್ನ ಕೇಳ್ತಿದೀರಿ? ಗಡಿಯಾರನಾ?"

"ನಿಮ್ಮನ್ನೇ. ಇನ್ಮೇಲೆ ಎಲ್ಲಾನೂ ನಿಮ್ಮನ್ನೇ ಕೇಳ್ತೀನಿ."

"ಮೊದಲೇ ಕೇಳ್ಬೇಕಿತ್ತು," ಎಂದಳು ಚೂಟಿ, ಬೆಚ್ಚಗಿನ ಆ ಮಡಿಕೆಯ ಕೆಳಗೆ ಅವನ ಕೈ ಹಿಡಿಯುತ್ತಾ.